ಬೋಳ ತಗಡಿನ ಮ್ಯಾಲ ಆಯಿ ಚಾವಿ

ತಡೀರಿ, ಸ್ವಲ್ಪ ತಡೀರಿ. ಬೆರಳಿಂದ ಸರಸಿ ಮುಂದಿನದಕ್ಕ ಹೋಗಬ್ಯಾಡ್ರಿ. ಪೂರ್ತಿ ಓದೂತನಾ ನಿಲ್ರಿ, ಯಾಕಂದ್ರ ಇದನ್ನ ಬರಿಯಾಕ ನನಗ ನಾಕ ವರ್ಷ ಹಿಡಿದದ.

ಮೊದಲೇ ಹೇಳಿಬಿಡ್ತೀನಿ, ಸತ್ತವರು ಗುರ್ತು ಕೊಡತಾರ, ಕನಸಿನ್ಯಾಗ ಬರ್ತಾರ, ಇಂಥಾದ್ರಾಗ ನನಗ ಒಂಚೂರೂ ನಂಬಿಗಿ ಇರಲಿಲ್ಲ. ಯಾರರ ಹೇಳಾಕ ಹತ್ತಿದ್ರ ನಡುವ ಬಾಯಿ ಹಾಕಿ, "ಗಾಳಿಗಿ ಬಾಗಿಲ ಬಡದಿರಬೇಕು ಬಿಡ್ರಿ" ಅಂತಿದ್ದೆ. "ಬಂದ್ಲು ನೋಡು ಶಾಣ್ಯಾಕಿ" ಅಂತ ಓಣ್ಯಾಗ ಎಲ್ಲಾರೂ ಕಾಡತಿದ್ರು. ನನಗ ಇದ್ದದ್ದು ಒಂದೇ ಹುಚ್ಚು. ಕೇಕ್, ಬಿಸ್ಕೀಟ, ನಾನಖಟಾಯಿ ಮಾಡೂದು. ಯಾರೂ ಕಲಿಸಿಲ್ಲ. ಅಪ್ಪನ ಫೋನಿನ್ಯಾಗ ವಿಡಿಯೋ ನೋಡಿ, ಕುಕ್ಕರಿನ್ಯಾಗ ಉಸುಕ ಹಾಕಿ, ಹತ್ತ ಸಲ ಸುಟ್ಟು ಹನ್ನೊಂದನೇ ಸಲ ಕಲ್ತಾಕಿ ನಾನು.

ನಮ್ಮನಿ ಯಾದಗಿರಿ. ಅಪ್ಪ ರೈಲ್ವೆದಾಗ ಹಳಿ ನೋಡೂ ಗ್ಯಾಂಗಿನ ಕೆಲಸ ಮಾಡತಿದ್ದ. ನಾವು ಚರ್ಚಿಗಿ ಹೋಗೂ ಮಂದಿ, ನಮ್ಮ ಓಣಿ ಪೂರಾ ಹಂಗೇ. ದಸರಾ ಮುಗದು, ದೀಪಾವಳಿ ಮುಗದು, ಹತ್ತಿ ತುಂಬಿದ ಗಾಡಿ ರಸ್ತಾದ ಮ್ಯಾಲ ಓಡ್ಯಾಡಾಕ ಹತ್ತಿದ್ವು ಅಂದ್ರ ನಮ್ಮ ಓಣಿಗಿ ಕ್ರಿಸ್ಮಸ್ ಬಂದಂಗ. ಮನಿಗಿ ಸುಣ್ಣಾ ಹೊಡೆಯೂದು, ಮಾಳಗಿ ಮ್ಯಾಲ ಬಿದಿರಿನ ಚುಕ್ಕಿ ಮಾಡಿ, ಒಳಗ ದೀಪಾ ಹಚ್ಚಿ ಏರಸೂದು, ಆಮ್ಯಾಲ ಭಟ್ಟಿ.

ಭಟ್ಟಿ ಅಂದ್ರ ಬೇಕರಿ ಒಲಿ. ನಮ್ಮ ಕಡಿ ಡಿಸೆಂಬರ್ ತಿಂಗಳದಾಗ ಹೆಣ್ಣಮಕ್ಕಳು ಮೈದಾ, ಡಾಲ್ಡಾ, ಪುಡಿ ಸಕ್ರಿ ಮನ್ಯಾಗೇ ನಾದಿ, ಉಂಡಿ ಮಾಡಿ, ತಗಡಿನ ಮ್ಯಾಲ ಹಚ್ಚಿ ಭಟ್ಟಿಗಿ ಒಯ್ಯತಾರ. ಹತ್ತ ಮನಿ ತಗಡ ಒಂದೇ ಸಲ ಒಳಗ ಹೋಗತಾವ. ಅದಲ್ ಬದಲ್ ಆಗಬಾರದಂತ ಒಬ್ಬೊಬ್ಬರದ್ದು ಒಂದೊಂದು ಗುರ್ತು. ಒಂದ ಮನಿಯವರು ಲವಂಗ ಚುಚ್ಚತಾರ, ಒಂದ ಮನಿಯವರು ಬಳಿ ಒತ್ತತಾರ, ಪಕ್ಕದ ಮನಿ ರತ್ನಮ್ಮತ್ತಿದು ಚಮಚದ ತುದಿ. ನಮ್ಮದು ಚಾವಿ.

ಆಯಿ, ಅಂದ್ರ ಅಪ್ಪನ ಅವ್ವ, ತನ್ನ ಸಂದೂಕದ ಹಿತ್ತಾಳಿ ಚಾವಿ ಹಿಡಿಕಿಯಿಂದ ಒತ್ತತಿದ್ಲು. ಆ ಹಿಡಿಕಿಗಿ ಮೂರ ಬಳಿ ಇದ್ದಂಗ ಇತ್ತು. ಡಾಲ್ಡಾ ಡಬ್ಬಿ ಮುಚ್ಚಳಾ ಮೀಟಾಕ ಹೋಗಿ ಅದರಾಗ ಒಂದನ್ನ ಆಯಿನೇ ಮುರಿದಿದ್ಲು. ಅದಕ್ಕ ನಮ್ಮ ಗುರ್ತು ಅಂದ್ರ ಎರಡು ಪೂರಾ ಬಳಿ, ಒಂದು ಮುರಿದ ಬಳಿ. ಭಟ್ಟಿ ನಡಸೂ ಚಾಚಾ ನಮ್ಮ ಹೆಸರ ಕರೀತಿದ್ದಿಲ್ಲ, "ಚಾವಿ ಮನಿಯವರು" ಅಂತಿದ್ದ.

ಇನ್ನೊಂದು ಮಾತು. ಆಯಿ ತಗಡಿಗೆಲ್ಲಾ ಗುರ್ತು ಒತ್ತತಿರಲಿಲ್ಲ. ಮೂಲ್ಯಾಗಿಂದು ಒಂದಕ್ಕ ಅಷ್ಟೇ. ಆ ಒಂದು ನಾನಖಟಾಯಿ ಯಾರೂ ಮುಟ್ಟಂಗಿಲ್ಲ. ಮನ್ಯಾಗಿನವರು ಯಾರು ಇನ್ನಾ ಬಂದಿಲ್ಲೋ ಅವರಿಗಿ ಅದು. ಅಪ್ಪಗ ಹಬ್ಬದಾಗೂ ಡ್ಯೂಟಿ ಇರತಿತ್ತು, ಅಪ್ಪಗ ಇಡತಿದ್ಲು. ಶಹಾಪುರದಿಂದ ಕಾಕಾ ತಡಾ ಮಾಡಿದ್ರ ಕಾಕಾಗ. ಎಲ್ಲಾರೂ ಬಂದ್ರ ನನ್ನ ಬಾಯಾಗ ತುರುಕತಿದ್ಲು.

ಈಗ ಹೇಳಾಕ ಕಷ್ಟ ಆಗೂ ಭಾಗ ಬಂತು.

ಆಯಿ ಆರ ತಿಂಗಳ ನಮ್ಮಲ್ಲಿ, ಆರ ತಿಂಗಳ ಶಹಾಪುರದಾಗ ಕಾಕಾನ ಮನ್ಯಾಗ ಇರತಿದ್ಲು. ದಸರಾ ಮುಗದ ಕೂಡಲೇ ನಮ್ಮನಿಗಿ ಬರೂದು ರೂಢಿ. ಆ ವರ್ಷ ಬರೂ ವಾರದಾಗೇ ಒಂದಿನ ಸಂಜಿಕಿ ಆಕಿಗಿ ಎದಿ ಹಿಡಕೊಂಡು ಜೋರಾತು. ಕಾಕಾನ ಫೋನಿನ್ಯಾಗ ಬ್ಯಾಲನ್ಸ್ ಇರಲಿಲ್ಲ, ಪಕ್ಕದ ಮನಿಯವರ ಫೋನಿಂದ ಅಪ್ಪಗ ಹಚ್ಚಿದ. ಅಪ್ಪನ ಫೋನ್ ನನ್ನ ಕೈಯಾಗ. ನಾ ಕೇಕಿನ ವಿಡಿಯೋ ನೋಡಾಕತ್ತಿದ್ದೆ. ಗೊತ್ತಿಲ್ಲದ ನಂಬರ್, ಯಾರೋ ಕಂಪನಿಯವರು ಅಂತ ಕಟ್ ಮಾಡಿದೆ. ಮತ್ತ ಬಂತು, ಕಟ್ ಮಾಡಿದೆ. ಮೂರನೇ ಸಲಾನೂ ಕಟ್ ಮಾಡಿದೆ. ಬೆಳಕ ಹರಿಯೂ ಮುಂದ ಕಾಕಾ ರೊಕ್ಕಾ ಹಾಕಿಸಿ ತನ್ನ ಫೋನಿಂದ ಹಚ್ಚಿದಾಗ ಆಯಿ ಹೋಗಿಬಿಟ್ಟಿದ್ಲು. ಪೂರಾ ರಾತ್ರಿ ಅಪ್ಪನ ದಾರಿ ಕಾಯಕೋತ "ದೊಡ್ಡಾವ ಬಂದನೇನು?" ಅಂತ ಕೇಳಿದ್ಲಂತ.

ಮಣ್ಣಿನ್ಯಾಗ ಇಳಸೂ ಮುಂದ ಕಾಕಾ ಅಳಕೋತ, "ಸಂಜಿಕೇ ಮೂರ ಸಲ ಹಚ್ಚೇನಿ ಅಣ್ಣಾ, ಕಟ್ ಮಾಡಿದಿ ನೀ" ಅಂದ. ಅಪ್ಪಗ ಸಿಟ್ಟ ಬಂತು. "ನನಗ ಒಂದೂ ಬಂದಿಲ್ಲ. ತಡಾ ಮಾಡಿ ಈಗ ಸುಳ್ಳ ಹೇಳ್ತಿ" ಅಂದ. ನನಗ ಆಗ ತಿಳೀತು ಆ ನಂಬರ್ ಯಾರದಂತ. ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟೇ ಅಲ್ಲ, ಮನಿಗಿ ಬಂದು ಅಪ್ಪ ಮುಖ ತೊಳಕೊಳ್ಳೂದ್ರಾಗ ಆ ಮೂರೂ ಕಾಲ್ ಫೋನಿಂದ ಅಳಿಸಿದೆ. ಅಪ್ಪ ಆಮ್ಯಾಲ ನೋಡಿ, ಅವ್ವಗ ತೋರಿಸಿ, "ಎಲ್ಲದ? ನೀನೇ ನೋಡು" ಅಂದ. ಅವತ್ತಿನಿಂದ ಅಣ್ಣತಮ್ಮರ ಮಾತು ಬಂದ್. ನಾನೂ ಅಪ್ಪನ ಫೋನ್ ಮುಟ್ಟೂದು ಬಿಟ್ಟೆ.

ದೀಪಾವಳಿ ಹೋತು, ನವೆಂಬರ್ ಹೋತು, ಚಳಿ ಬಿತ್ತು. ಎಲ್ಲಾರ ಮನಿ ಮ್ಯಾಲ ಚುಕ್ಕಿ ಏರಿದ್ವು, ನಮ್ಮನಿ ಅಷ್ಟೇ ಕತ್ತಲಿ. ಸಾವಾದ ಮನಿ, ಈ ವರ್ಷ ಒಲಿ ಮ್ಯಾಲ ಎಣ್ಣಿ ಇಡಂಗಿಲ್ಲ ಅಂತ ಅವ್ವ ಅಂದ್ಲು. ನನಗ ಕುಂತಲ್ಲಿ ಕುಂದ್ರಾಕ ಆಗವಲ್ದು. ಅಪ್ಪ ಸುಮ್ಮನ ಗ್ವಾಡಿ ನೋಡಕೋತ ಕುಂತ್ರ ನಾ ಎದ್ದು ಹೊರಗ ಹೋಗತಿದ್ದೆ. ಹೊರಗ ಹೋದ್ರ ಚುಕ್ಕಿ ನೋಡಿ ಒಳಗ ಬರತಿದ್ದೆ. ಕಡೀಗಿ ಒಂದು ಯೋಚನಿ ಬಂತು. ಕರಿಯೂದು ಬ್ಯಾಡ, ಬೇಯಿಸಿದ್ರೇನು? ಒಂದ ತಗಡ ನಾನಖಟಾಯಿ ಮಾಡಿ, ಹೆಂಗರ ಮಾಡಿ ಅಪ್ಪನ ಕೈಲೆ ಶಹಾಪುರಕ್ಕ ಕಳಸಬೇಕು. ಖರೇ ಹೇಳಬೇಕಂದ್ರ, ಬಾಯಿ ಬಿಟ್ಟು ಹೇಳೂದು ತಪ್ಪಿಸಿಕೊಳ್ಳಾಕ ಇದು ಒಂದು ದಾರಿ ಅಂತ ಅಂದುಕೊಂಡೆ.

ಹಬ್ಬಕ್ಕ ನಾಕ ದಿನ ಇರಬೇಕು. ಅಪ್ಪ ಡ್ಯೂಟಿಗಿ, ಅವ್ವ ಚರ್ಚಿಗಿ ಹೋದಾಗ ಗಡಬಡ ನಾದಿ, ಉಂಡಿ ಹಚ್ಚಿ, ತಗಡ ತಲಿ ಮ್ಯಾಲ ಇಟ್ಟುಕೊಂಡು ಓಡಿದೆ. ಮಟಮಟ ಮಧ್ಯಾಹ್ನ. ಭಟ್ಟಿ ಮುಂದ ಹೆಣ್ಣಮಕ್ಕಳ ಸಾಲು. ಚಾಚಾ ನನ್ನ ತಗಡ ನೋಡಿ ನಕ್ಕ.

"ಕ್ಯಾ ಬೇಟಿ, ಬೋಳ ತಗಡ ತಂದೀಯಲ್ಲ? ಗುರ್ತೆಲ್ಲಿ?"

ಆಗ ಲಕ್ಷಕ್ಕ ಬಂತು. ಗುರ್ತು ಹಾಕಿಲ್ಲ! ಹಾಕಾಕ ಚಾವಿ ಎಲ್ಲಿಂದ ಬರಬೇಕು, ಅದು ಆಯಿ ಜೋಡಿ ಹೋಗ್ಯಾದ. ಮಣ್ಣ ಮಾಡೂ ಮುಂದ ಕಾಕಾ ಅದನ್ನ ಆಯಿ ಸೆರಗಿನ ತುದಿಗಿ ಕಟ್ಟಿದ್ದ, ನಾನೇ ಕಣ್ಣಾರೆ ನೋಡೀನಿ. ರತ್ನಮ್ಮತ್ತಿ ಕಡಿ ಚಮಚ ಕೇಳೋಣಂತ ತಿರುಗೂದ್ರಾಗ ಚಾಚಾ ಉದ್ದನ ಹಲಗಿ ಮ್ಯಾಲ ತಗಡ ಇಟ್ಟು ಭಟ್ಟಿ ಒಳಗ ತಳ್ಳಿ ಆಗಿತ್ತು. "ಹೋಗಲಿ ಬಿಡು, ಬೋಳ ಇರೂದೇ ನಿಂದು" ಅಂದ. ಸಾಲಿನ್ಯಾಗ ಎಲ್ಲಾರೂ ನಕ್ಕರು. ರತ್ನಮ್ಮತ್ತಿ, "ಏ, ಬ್ಯಾರೇಯವರು ಯಾರರ ಬೋಳ ತಂದ್ರ ಜಗಳ ಆಡಬೇಕಾಗತದ ನೋಡು" ಅಂತ ಚಾಷ್ಟಿ ಮಾಡಿದ್ಲು.

ನಾ ಭಟ್ಟಿ ಬಾಯಿ ಬಿಟ್ಟು ಎಲ್ಲೂ ಹೋಗಿಲ್ಲ. ಇದನ್ನ ಒತ್ತಿ ಹೇಳ್ತೀನಿ. ನಾಕ ಮಾರ ದೂರ ನಿಂತಿದ್ದೆ. ಒಳಗ ಕೆಂಪ ಕೆಂಡ. ಯಾವನೂ ಕೈ ಹಾಕೂ ಜಾಗಾ ಅಲ್ಲ ಅದು.

ಸ್ವಲ್ಪ ಹೊತ್ತಿಗಿ ಚಾಚಾ ತಗಡ ಒಂದೊಂದೇ ಹೊರಗ ಎಳೀತ ಕರಿಯಾಕ ಹತ್ತಿದ. "ಲವಂಗದವರು! ಬಳಿಯವರು! ಚಮಚ!" ಆಮ್ಯಾಲ, ಪ್ರತಿ ವರ್ಷ ಕರದಂಗೇ, "ಚಾವಿ ಮನಿಯವರು! ತಗೋರಿ!"

ನಾ ಅಲ್ಲಾಡಲಿಲ್ಲ. ಚಾವಿ ಇಲ್ಲದ ಮನಿ ನಮ್ಮದು. ರತ್ನಮ್ಮತ್ತಿ ಮೊಣಕೈಲೆ ತಿವಿದು, "ನಿಂದಲ್ಲೇನು ಹುಡುಗಿ?" ಅಂದ್ಲು. ಅಷ್ಟೊತ್ತಿಗಿ ಚಾಚಾನ ಮುಖಾನೂ ಬದಲಾಗಿತ್ತು. ತಾ ಏನ ಕರದೀನಂತ ಆತಗೂ ಆಗ ತಿಳಿದಿರಬೇಕು. ತಗಡ ನೆಲಕ್ಕಿಟ್ಟು ಹಿಂದ ಸರಿದ.

ಮೂಲ್ಯಾಗಿನ ನಾನಖಟಾಯಿ ಮ್ಯಾಲ ಎರಡು ಪೂರಾ ಬಳಿ, ಒಂದು ಮುರಿದ ಬಳಿ.

ಕೇಳ್ರಿ, ಇದು ನನ್ನ ಹುಚ್ಚಿನ ವಿಷಯ, ನನಗ ತಿಳೀತದ. ಬೆಂದ ಮ್ಯಾಲ ನಾನಖಟಾಯಿಗಿ ಏನರ ಒತ್ತಿದ್ರ ಪುಡಿಪುಡಿ ಆಗತದ. ಹಸಿ ಇದ್ದಾಗ ಒತ್ತಿದ್ರ ಅಂಚು ನುಣ್ಣಗ ಬೇಯತದ, ಸೀಳು ಗುರ್ತಿನ ಹೊರಗ ಬೀಳತಾವ. ಇದರ ಅಂಚು ನುಣ್ಣಗಿತ್ತು. ಹಸಿ ಇದ್ದಾಗ ಒತ್ತಿದ್ದು. ಆದ್ರ ಹಸಿ ಇದ್ದಾಗ ಅದು ಬೋಳ ಇತ್ತಂತ ಸಾಲಿನ್ಯಾಗ ಇದ್ದವರೆಲ್ಲಾ ನೋಡಿ ನಕ್ಕಾರ.

ಮನಿಗಿ ತಂದು ಡಬ್ಬಿಗಿ ಹಾಕಿ ಜ್ವಾಳದ ಚೀಲದ ಹಿಂದ ಮುಚ್ಚಿಟ್ಟೆ. ಎರಡ ದಿನ ಉಂಡಿದ್ದು ಮೈಗಿ ಹತ್ತಲಿಲ್ಲ. ತಾಸಿಗೊಮ್ಮೆ ಹೋಗಿ ಮುಚ್ಚಳಾ ತಗದು ನೋಡೂದು, ಮುಚ್ಚೂದು. ಅಳಿಸಿರತದೇನೋ ಅಂತ ಆಸಿ. ಇರತಿತ್ತು. ಈ ಮನ್ಯಾಗಿನವರು ಎಲ್ಲಾರೂ ಮನ್ಯಾಗೇ ಇದ್ದೀವಿ, ಬರಬೇಕಾದಾಂವ ಶಹಾಪುರದಾಗಿದ್ದ. ಇದು ಯಾರ ಪಾಲು ಅಂತ ನನಗ ಚಂದಾಗೇ ಗೊತ್ತಿತ್ತು. ಅದಕ್ಕೇ ಅಂಜಿಕಿ.

ಮೂರನೇ ದಿನ ದೀಪಾ ಹಚ್ಚೂ ಹೊತ್ತಿಗಿ ಕ್ಯಾರಲ್ ಹಾಡೂ ಹುಡುಗರು ಓಣಿಗಿ ಬಂದ್ರು. ಸಾವಿನ ಮನಿ ಅಂತ ನಮ್ಮ ಬಾಗಿಲಿಗಿ ಡೋಲಕ ನಿಲ್ಲಿಸಿ, ಮೆಲ್ಲಕ ಪ್ರಾರ್ಥನಾ ಮಾಡಿ ಮುಂದ ಹೋದ್ರು. ಅಪ್ಪ ಬಾಗಿಲ ಸಂದಿನ್ಯಾಗ ನಿಂತು ಕೇಳಾಕತ್ತಿದ್ದ. "ನಮ್ಮವ್ವ ಇದ್ದಿದ್ರ, ಚಹಾ ಇಡು ಚಹಾ ಇಡು ಅಂತ ಇಷ್ಟೊತ್ತಿಗಿ ಜೀವಾ ತಿಂತಿದ್ಲು" ಅಂದ. ಅಂದು ಕಣ್ಣ ಒರಸಿಕೊಂಡ.

ನನ್ನ ಕೈಲೆ ತಡಿಯಾಕ ಆಗಲಿಲ್ಲ. ಡಬ್ಬಿ ತಂದು ಅಪ್ಪನ ಮುಂದ ತಗದೆ. ಆಂವ ಮೊದಲ ನನ್ನ ಮ್ಯಾಲ ಸಿಟ್ಟ ಮಾಡಾಕ ಬಾಯಿ ತೆರೆದ. ಆಮ್ಯಾಲ ಮುರಿದ ಬಳಿ ಮ್ಯಾಲ ಬೆರಳಾಡಿಸಿದ. 

"ಚಾವಿ ಎಲ್ಲಿತ್ತು?"

"ಚಾವಿ ಇಲ್ಲಪಾ. ಹಂಗೇ ಬಂತು."

"ಯಾರಿಗಿಟ್ಟಾಳ ಇದನ್ನ?" ಅಂದ. ನನ್ನ ಕೇಳಿದಂಗ ಇರಲಿಲ್ಲ ಅದು.

ಹೇಳಿದೆ. ಎಲ್ಲಾ ಹೇಳಿದೆ. ವಿಡಿಯೋ, ನಂಬರ್, ಅಳಿಸಿದ್ದು. ಅವ್ವ ಒಳಗಿಂದ ಬಂದು ಬಾಯಿಗಿ ಸೆರಗ ಹಚ್ಚಿಕೊಂಡು ನಿಂತ್ಲು. ಅಪ್ಪ ಬಡೀತಾನ ಅಂದುಕೊಂಡಿದ್ದೆ, ಬಡದಿದ್ರ ಹಗುರ ಆಗತಿತ್ತು.

"ಮೂರೂ ಸಲ ಕಟ್ ಮಾಡಿದ್ಯಾ?"

"ಹೂಂನಪಾ."

ಅಪ್ಪ ಡಬ್ಬಿ ಮುಚ್ಚಳಾ ಗಟ್ಟಿ ಹಾಕಿ ತಲಿದಿಂಬಿನ ಬಾಜೂಕ ಇಟ್ಟುಕೊಂಡು ಮಲಗಿದ.

ಮುಂಜಾನಿ ಮೊದಲನೇ ಬಸ್ಸಿಗಿ ನನ್ನನ್ನೂ ಕರಕೊಂಡು ಶಹಾಪುರಕ್ಕ ಹೊಂಟ. ಭೀಮಾ ಬ್ರಿಡ್ಜ್ ಮ್ಯಾಲ ಮಂಜ ಬಿದ್ದಿತ್ತು.  ಕಾಕಾನ ಮನಿ ಬಾಗಿಲಿಗಿ ನಿಂತು, ಬಾ ಅನ್ನೂದನ್ನೂ ಕಾಯದೇ ಡಬ್ಬಿ ಮುಂದ ಮಾಡಿ, "ನಿನ್ನ ಪಾಲು" ಅಂದ. ಕಾಕಾ ಮುಚ್ಚಳಾ ತಗದ, ನೋಡಿದ, ಅಲ್ಲೇ ಹೊಸ್ತಿಲ ಮ್ಯಾಲ ಕುಂತ.

"ಅಣ್ಣಾ, ಚಾವಿ ನಾನೇ ಕಟ್ಟೀನಿ. ಅವ್ವನ ಸೆರಗಿಗಿ. ಈ ಕೈಲೆ."

ಕಾಕಿ ಒಳಗಿಂದ ಸಂದೂಕದ ಒಡದ ಬೀಗಾ ತಂದು ತೋರಿಸಿದ್ಲು. ಚಾವಿ ಇಲ್ಲಂತ ಕಲ್ಲಿಲೆ ಒಡದು ತಗದಿದ್ರು. ನಾ ಕಾಕಾನ ಕಾಲ ಹಿಡದು ಮತ್ತ ಎಲ್ಲಾ ಹೇಳಿದೆ. ಕಾಕಾ ನನ್ನ ತಲಿ ಮ್ಯಾಲ ಕೈ ಇಟ್ಟ. "ಮೂರ ಸಲ ಹಚ್ಚಿ ಸಿಟ್ಟಿಲೆ ಬಿಟ್ಟೆ ನಾ. ನಾಕನೇ ಸಲ ಹಚ್ಚಬೇಕಿತ್ತು. ಇಲ್ಲ ಗಾಡಿ ಹತ್ತಿ ಬರಬೇಕಿತ್ತು" ಅಂದ. ಆತಗೂ ನಿದ್ದಿ ಇರಲಿಲ್ಲ ಅಂತ ಆಗ ತಿಳೀತು.

ಆಮ್ಯಾಲ ಆ ನಾನಖಟಾಯಿ ನಡುವ ಮುರಿದು ಅರ್ಧಾ ಅಪ್ಪಗ ಕೊಟ್ಟ. ಇಬ್ಬರೂ ಅಳಕೋತ ತಿಂದ್ರು. "ಸಕ್ರಿ ಕಡಿಮಿ ಆಗ್ಯಾದಲೇ" ಅಂದ ಕಾಕಾ. ಆಯಿ ಸತ್ತ ಮ್ಯಾಲ ಅಪ್ಪ ಮೊದಲನೇ ಸಲ ನಕ್ಕ. ಸಂಜಿಕಿ ನಾಕೂ ಮಂದಿ ಯಾದಗಿರಿಗಿ ಬಂದ್ವಿ. ಅಣ್ಣತಮ್ಮರಿಬ್ಬರೂ ಮಾಳಗಿ ಹತ್ತಿ ಹಳೇ ಚುಕ್ಕಿ ಏರಿಸಿದ್ರು.

ಹಿಂಗ ಪುರಾವೆ ಎಲ್ಲಾ ಹೊಟ್ಟಿಗಿ ಹೋತು. ಮಾಡಿದ ಪ್ರತಿ ಬಿಸ್ಕೀಟಿನ ಫೋಟೋ ಹಿಡಿಯಾಕಿ ನಾನು, ಅದರದ್ದೊಂದೇ ಫೋಟೋ ಇಲ್ಲ. ಫೋನ್ ಮುಟ್ಟತಿದ್ದಿಲ್ಲಲ್ಲ ಆಗ.

ಆಮ್ಯಾಲ ಚಾಚಾನ ಹತ್ತ ಸಲ ಕೇಳೀನಿ. "ಬೇಟಿ, ನಾ ಮುಟ್ಟಿಲ್ಲ, ಅಲ್ಲಾ ಕಸಮ್" ಅಂತಾನ, ಮಾತು ಬದಲಿಸ್ತಾನ. ಉಬ್ಬುವಾಗ ತಾನೇ ಸೀಳಿರಬೇಕು ಅಂತ ಎಷ್ಟೋ ತಗಡ ಮಾಡಿ ನೋಡೀನಿ. ಸೀಳತಾವ, ಹೌದು. ಬಳಿ ಆಗಂಗಿಲ್ಲ. ಮೂರಂತೂ ಆಗಂಗಿಲ್ಲ. ನನ್ನ ಮನಸ್ಸಿನ ಕಳ್ಳತನಾ ಕಣ್ಣಿಗಿ ಹಂಗ ಕಾಣಿಸ್ತು ಅನ್ನೋಣಂದ್ರ, ಮೊದಲ ನೋಡಿ ಕರದಾವ ಚಾಚಾ.

ಈಗ ಪ್ರತಿ ಡಿಸೆಂಬರಿಗಿ ಎರಡ ತಗಡ ಒಯ್ಯತೀನಿ. ಒಂದಕ್ಕ ಹೊಸ ಚಾವಿ ಒತ್ತತೀನಿ, ಒಂದು ಬೇಕಂತಲೇ ಬೋಳ ಬಿಡತೀನಿ. ಭಟ್ಟಿ ಬಾಯಿಗಿ ನಿಂತು ಕಾಯತೀನಿ. ಬೋಳ ಹೋಗಿದ್ದು ಬೋಳೇ ಬರತದ. ಈಗ ಹಬ್ಬಕ್ಕ ಅಪ್ಪ, ಕಾಕಾ ಇಬ್ಬರೂ ಮನ್ಯಾಗೇ ಇರತಾರ, ಅದಕ್ಕಿರಬೇಕು ಅಂತಾಳ ಅವ್ವ. ನನಗ ಗೊತ್ತಿಲ್ಲ. ಖರೇನೇ ಗೊತ್ತಿಲ್ಲ.

ನಿಮ್ಮ ಮನ್ಯಾಗ ಇಂಥಾದ್ದೇನರ ನಡದಿದ್ರ ಕೆಳಗ ಬರೀರಿ, ಸಣ್ಣದಿದ್ರೂ ಬರೀರಿ, ನಾ ಎಲ್ಲಾ ಓದತೀನಿ. ಆದ್ರ ಯಾರದರ ಫೋನ್ ಕಟ್ ಮಾಡಿ ಮುಚ್ಚಿಟ್ಟು ಕುಂತಿದ್ರ, ಮೊದಲ ಒಳಗ ಹೋಗಿ ಮನಿಯವರಿಗಿ ಹೇಳಿ ಬರ್ರಿ. ನನಗ ಆಮ್ಯಾಲ ಬರದ್ರೂ ನಡೀತದ.