ಹಿಮ್ಮಡಿಯ ಉರಿಯನ್ನು ಯಾರೂ ಬರೆದಿರಲಿಲ್ಲ

ಕಂಪ್ಯೂಟರ್ ಕೈಕೊಡಬಹುದಿತ್ತು. ಠಾಣೆ ಪಟ್ಟಣದಿಂದ ಐರೋಲಿಗೆ ಹೋಗುವ ಲೋಕಲ್ ರೈಲು ನಡುದಾರಿಯಲ್ಲಿ ನಿಂತೇಬಿಡಬಹುದಿತ್ತು. ಕನ್ನಡಕ ಮರೆಯಬಹುದಿತ್ತು, ಬಲ ತೊಡೆ ಮುರಿದವರಿಗೆ ಎಡ ತೊಡೆಯ ಕೋಡ್ ನಂಬರು ಹಾಕಬಹುದಿತ್ತು, ನನ್ನ ಮಗಳ ವಯಸ್ಸಿನವರ ನಡುವೆ ನಾನೊಬ್ಬನೇ ನಪಾಸಾಗಬಹುದಿತ್ತು. ಪರೀಕ್ಷೆಯ ಮುನ್ನಾದಿನವಿಡೀ ಇವನ್ನೇ ನೆನೆದು ಒದ್ದಾಡಿದ್ದೆ. ವಿಚಿತ್ರ ಅನುಭವಗಳ ಭಯ ಮಾತ್ರ ಇರಲಿಲ್ಲ. ಅಂಥವನ್ನು ಹೇಳುವವರನ್ನು ಕಂಡರೆ ನಗುತ್ತಿದ್ದೆ. ಈಗ ನೀವು ನಗಬಹುದು.

ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನಿದ್ದ ರಕ್ತಪರೀಕ್ಷೆಯ ಲ್ಯಾಬು ಮುಚ್ಚಿದಾಗ ನನಗೆ ನಲವತ್ತೇಳು. ಐರೋಲಿಯಲ್ಲಿ ಮೆಡಿಕಲ್ ಕೋಡಿಂಗ್ ತರಬೇತಿಗೆ ಸೇರಿದೆ. ಅಮೆರಿಕದಲ್ಲಿ ಮನೆಯಲ್ಲೇ ಶುಶ್ರೂಷೆ ಪಡೆಯುವವರು, ಇನ್ನು ಗುಣವಾಗದೆಂದು ಕೊನೆಯ ದಿನಗಳ ಆರೈಕೆಯಲ್ಲಿರುವವರು, ಇಂಥವರ ಬಗ್ಗೆ ಡಾಕ್ಟರು, ನರ್ಸುಗಳು ಬರೆದಿಟ್ಟ ಟಿಪ್ಪಣಿ ಓದಿ ವಿಮೆಯ ಬಿಲ್ಲಿಗಾಗಿ ಪ್ರತಿ ಕಾಯಿಲೆಗೂ ಅದರ ಕೋಡು, ಅಂದರೆ ಅಕ್ಷರ-ಅಂಕಿಗಳ ಗುರುತು, ಹಾಕುವ ಕೆಲಸ. ಕಲಿಯಲು ಕೊಡುತ್ತಿದ್ದುದು ಹೆಸರು ಅಳಿಸಿದ ಹಳೆಯ ಫೈಲುಗಳು. ಪಾಸಾದರೆ ಅಲ್ಲೇ ನೌಕರಿ, ಇಲ್ಲವಾದರೆ ಮನೆ.

ಕಲಿಸುತ್ತಿದ್ದವಳು ವಿಜಯಪುರದ ಹುಡುಗಿ ಸವಿತಾ. "ಕಾಕಾ, ಡಾಕ್ಟರ್ ಬರದಿಲ್ಲಂದ್ರ ಅದು ಆಗೇ ಇಲ್ಲ ತಿಳ್ಕೋರಿ. ನಿಮ್ಮ ಶಾಣ್ಯಾತನ ಮನ್ಯಾಗಿಟ್ಟು ಬರ್ರಿ. ಡೌಟ್ ಬಂದ್ರ ಕ್ವೆರಿ ಹಾಕಿ ಡಾಕ್ಟರ್‌ನ್ನ ಕೇಳ್ರಿ," ಎನ್ನುತ್ತಿದ್ದಳು. ಪರದೆಯ ಬಲಕ್ಕೆ ಅದಕ್ಕೆಂದೇ ಒಂದು ಚೌಕವಿತ್ತು. ತರಬೇತಿಯಲ್ಲಿ ಅದರಲ್ಲಿ ಬರೆದದ್ದು ಸವಿತಾಳಿಗೇ ಹೋಗುತ್ತಿತ್ತು. ನಾನೋ ಹುಟ್ಟಾ ಅನುಮಾನದವನು, ಸಾಲುಸಾಲಿಗೂ ಕೇಳುತ್ತಿದ್ದೆ. "ನಿಮ್ಮ ಕ್ವೆರಿ ಓದಿ ಓದಿ ನನಗ ಚಷ್ಮಾ ಬಂತು ನೋಡ್ರಿ ಕಾಕಾ," ಎಂದು ಒಮ್ಮೆ ಅವಳೆಂದಾಗ ಇಡೀ ಕ್ಲಾಸು ನಕ್ಕಿತ್ತು. ಪರೀಕ್ಷೆಯಲ್ಲಿ ಒಂದನ್ನೂ ಕೇಳಬಾರದೆಂದು ಆಗಲೇ ಹಟ ತೊಟ್ಟೆ.

ಅಂದು ಮಧ್ಯಾಹ್ನ ಕೊನೆಯ ಫೈಲು ತೆರೆದೆ. ಹೃದಯ ಸೋತು ಹಾಸಿಗೆ ಹಿಡಿದ ಮುದುಕಿ. ಹೊಸ ಬೂಟು ಕಚ್ಚುತ್ತಿದ್ದುದರಿಂದ ಮೇಜಿನಡಿ ಬಿಚ್ಚಿಟ್ಟು ಕೂತಿದ್ದೆ. ನರ್ಸಿನ ಟಿಪ್ಪಣಿಯ ಕೊನೆಯಲ್ಲಿ ಹೀಗಿತ್ತು: "ಇದನ್ನು ಓದುತ್ತಿರುವವರು ಬೂಟು ಬಿಚ್ಚಿ ಕೂತಿದ್ದಾರೆ, ಅವರ ಹಿಮ್ಮಡಿ ಉರಿಯುತ್ತಿದೆ ಎಂದು ರೋಗಿ ಹೇಳುತ್ತಾರೆ. ತನ್ನದೂ ಹಾಗೇ ಉರಿಯುತ್ತದಂತೆ. ಓದುವವರು ಅದನ್ನು ಬರೆಯಲಿ ಎಂದು ಕೇಳಿಕೊಳ್ಳುತ್ತಾರೆ."

ಎರಡು ಸಲ ಓದಿದೆ. ಬಗ್ಗಿ ಮೇಜಿನಡಿ ನನ್ನ ಕಾಲು ನೋಡಿಕೊಂಡೆ. ಹಾಸಿಗೆ ಹಿಡಿದವರ ಹಿಮ್ಮಡಿ ಉರಿದರೆ ಅಲ್ಲಿ ಹುಣ್ಣಾಗುತ್ತಿರಬಹುದು, ಅಷ್ಟು ನನಗೂ ಗೊತ್ತಿತ್ತು. ಫೈಲಿನಲ್ಲಿ ಬೇರೆಲ್ಲೂ ಆ ಮಾತಿಲ್ಲ. ಮೌಸಿನ ಬಾಣ ಕ್ವೆರಿಯ ಚೌಕದ ಮೇಲೇ ಇತ್ತು. ಕಿವಿಯಲ್ಲಿ ಕ್ಲಾಸಿನ ನಗು. ಸಬ್ಮಿಟ್ ಒತ್ತಿಬಿಟ್ಟೆ.

ಪಾಸಾದೆ. "ಏನ್ರಿ ಕಾಕಾ, ಇವತ್ತ ಒಂದೂ ಕ್ವೆರಿ ಇಲ್ಲ! ಭಾಳ ಸುಧಾರಿಸೀರಿ!" ಎಂದಳು ಸವಿತಾ. ತಲೆ ತಗ್ಗಿಸಿ, ಆ ಫೈಲು ಇನ್ನೊಮ್ಮೆ ತೋರಿಸಮ್ಮ ಎಂದೆ. ತೆರೆದಳು. ನರ್ಸಿನ ಟಿಪ್ಪಣಿ "ರೋಗಿ ನಿದ್ರಿಸುತ್ತಿದ್ದಾರೆ" ಎಂಬಲ್ಲಿಗೆ ಮುಗಿದಿತ್ತು. ಮುಂದೆ ಏನೂ ಇರಲಿಲ್ಲ. "ಕಣ್ಣು ದಣದಾವ, ಚಾ ಕುಡೀರಿ," ಎಂದಳು.

ದಣಿದಿರಬಹುದು. ಆ ಮುದುಕಿ ತೀರಿಕೊಂಡು ಎಷ್ಟು ವರ್ಷವಾಗಿತ್ತೋ, ನಾನು ಕೇಳಿದ್ದರೂ ಅದು ಸವಿತಾಳನ್ನು ದಾಟಿ ಎಲ್ಲಿಗೂ ಹೋಗುತ್ತಿರಲಿಲ್ಲ. ಈ ಸಮಾಧಾನಗಳೆಲ್ಲ ನನಗೆ ಬಾಯಿಪಾಠವಾಗಿವೆ. ಆ ಸಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಇವತ್ತಿಗೂ ತಿಳಿಯದು. ಆದರೆ ಓದಿದ ಗಳಿಗೆಯಲ್ಲಿ ನಾನದನ್ನು ಪೂರ್ತಿ ನಂಬಿದ್ದೆ. ರೈಲು ಸರಿಯಾಗಿ ಬಂದಿತ್ತು, ಕಂಪ್ಯೂಟರ್ ನಡೆದಿತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ನಂಬಿಯೂ ಆ ಚೌಕವನ್ನು ಖಾಲಿ ಬಿಟ್ಟೆ, ಅಷ್ಟೇ.