ನೀಲಕ್ಕನ ಬುಧವಾರದ ಬಕೆಟ್ಟು

ನೀಲಕ್ಕ ನಮ್ಮ ಹೆಸರು ಕಲಿಯುವ ಮೊದಲು ನಮ್ಮ ಕಸ ಕಲಿತಿದ್ದರು. ಅಮೆರಿಕದ ಹರ್ನ್‌ಡನ್‌ನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ, ಮೇಲ್‌ಬಾಕ್ಸ್‌ಗಳ ಹಿಂದೆ, ಅಡುಗೆಮನೆ ಕಸಕ್ಕೆಂದೇ ದೊಡ್ಡ ಹಸಿರು ಡ್ರಮ್ಮುಗಳನ್ನು ಇಟ್ಟಿದ್ದ ಕಾಲ ಅದು. ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ. ಬುಧವಾರ ಬೆಳಿಗ್ಗೆ ನಾವೆಲ್ಲ ಪುಟ್ಟ ಬಕೆಟ್ ಹಿಡಿದು ಹೋದರೆ ಡ್ರಮ್ಮಿನ ಪಕ್ಕ ಇವರು ಹಾಜರ್: ಇಳಕಲ್ ಸೀರೆ, ಅದರ ಮೇಲೆ ಮಗನ ದಪ್ಪ ಜಾಕೆಟ್, ಕಣ್ಣಿನ ತನಕ ಮಾಸ್ಕ್, ಕೈಯಲ್ಲಿ ಉದ್ದನೆಯ ಇಕ್ಕಳ. ಪ್ಲಾಸ್ಟಿಕ್ ಬೆರೆತಿದ್ದರೆ ಲಾರಿಯವರು ಇಡೀ ಡ್ರಮ್ಮನ್ನೇ ಬಿಟ್ಟು ಹೋಗುತ್ತಾರೆ ಅಂತ ಅಸೋಸಿಯೇಷನ್‌ನವರು ಹೆದರಿಸಿದ್ದರು. ಆ ಹೆದರಿಕೆಯನ್ನು ಮನಸ್ಸಿಗೆ ಹಚ್ಚಿಕೊಂಡು ಕಾವಲಿಗೆ ನಿಂತವರು ಇವರೊಬ್ಬರೇ. ಗದಗಿನವರು, ಮಗನ ಮನೆಯಲ್ಲಿದ್ದರು. ಆಂಟಿ ಅಂದರೆ ಸಿಟ್ಟು. "ಆಂಟಿ ಗೀಂಟಿ ಬ್ಯಾಡ. ನೀಲಕ್ಕ ಅನ್ನು, ಸಾಕು."

"ಮುಚ್ಚಳಾ ತಗೀ, ನೋಡೂಣು" ಅನ್ನುವುದೇ ಅವರ ಗುಡ್ ಮಾರ್ನಿಂಗ್. ನನಗೋ ಮೈ ಉರಿಯುತ್ತಿತ್ತು. ಮೈಸೂರಿನಲ್ಲಿ ನಮ್ಮಮ್ಮ ಪಕ್ಕದ ಮನೆಯವರು ಬಂದರೆ ಸಾರಿನ ಪಾತ್ರೆಯನ್ನೂ ಮುಚ್ಚುತ್ತಿದ್ದರು, ಇಲ್ಲಿ ನಾನು ಮುಸುರೆ ತೋರಿಸಬೇಕಾ? ನೀಲಕ್ಕ ಬಗ್ಗಿ ನೋಡಿ ಮನೆಮನೆಯ ಭವಿಷ್ಯ ಹೇಳೋರು. "ಈ ಮನ್ಯಾಗ ಅತ್ತಿ ಬಂದಾಳ. ನೋಡು, ಬಾಳೀದಿಂಡಿನ ನಾರು." "ಆ ಹುಡುಗರು ಮತ್ತ ಬರೇ ಬ್ರೆಡ್ ಮ್ಯಾಲ ಜೀವಾ ಹಿಡದಾರ." ಹಬ್ಬದ ಮರುದಿನ ಒಣಗಿದ ಮಾಲೆಗಳಿಂದ ದಾರ ಎಳೆದು ತೆಗೆಯುತ್ತಾ ಗೊಣಗೋರು: "ಹೂ ಕೊಳೀತಾವ, ಈ ನೈಲಾನ್ ದಾರ ಕೊಳಿಯಂಗಿಲ್ಲ. ದೇವರಿಗೆ ಏರಿಸಿದ್ರೂ ಅಷ್ಟ." ಮಾಡೋಕೆ ಬೇರೆ ಕೆಲಸ ಇಲ್ವಾ ಈಯಮ್ಮನಿಗೆ ಅಂತ ನಾನು ಒಮ್ಮೆ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಅವರು ನಕ್ಕರು. "ಮಂದಿ ಬಾಯಿ ಸುಳ್ಳ ಹೇಳತದ. ಬಕೀಟ ಹೇಳಂಗಿಲ್ಲ."

ಆಮೇಲೆ ನನ್ನ ಗಂಡ ರವಿಯ ಕೆಲಸ ಹೋಯಿತು. ನಮ್ಮಿಬ್ಬರ ವೀಸಾನೂ ಆ ಕೆಲಸಕ್ಕೇ ಕಟ್ಟಿದ್ದು. ಗಡುವಿನೊಳಗೆ ಇನ್ನೊಂದು ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅವನು ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಅಪ್ಲೈ ಮಾಡ್ತಾ ಕೂತಿರುತ್ತಿದ್ದ. ನನಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. "ನಿಂದು ಊಟ ಆಯ್ತಾ?" ಅಂತ ಕೇಳಿದರೆ "ಆಗ್ಲೇ ಆಯ್ತು" ಅಂತಿದ್ದೆ. ಅವನಿಗೆ ಇನ್ನೊಂದು ಚಿಂತೆ ಯಾಕೆ ಅಂತ ದಿನಾ ಇಬ್ಬರಿಗೂ ಅಡುಗೆ ಮಾಡಿ, ನನ್ನ ಪಾಲನ್ನು ಬಕೆಟ್ಟಿಗೆ ಹಾಕುತ್ತಿದ್ದೆ.

ಆ ಬುಧವಾರ ಮುಚ್ಚಳ ತೆಗೆದರೆ ಮೇಲೇ ಕಾಣಿಸಿತು: ಬೆರಳು ತಾಗದ ಅನ್ನ, ಮುರಿಯದ ಚಪಾತಿ. ನೀಲಕ್ಕ ಅದನ್ನು ನೋಡಿದರು, ನನ್ನ ಮುಖ ನೋಡಿದರು. ಹಿಂದೆ ಜನ ನಿಂತಿದ್ದರು. ಅವರಿಗೆ ಕಾಣುವ ಮೊದಲೇ ಬಕೆಟ್ ಇಸಿದುಕೊಂಡು ತಾವೇ ಡ್ರಮ್ಮಿಗೆ ಸುರಿದು ಕೊಟ್ಟರು.

ಮರುದಿನ ಮಧ್ಯಾಹ್ನ ಬಾಗಿಲು ತಟ್ಟಿದರು. ಕೈಯಲ್ಲಿ ಡಬ್ಬಿ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. "ನಾ ಏನೂ ಕೇಳಂಗಿಲ್ಲ. ನೀ ಏನೂ ಹೇಳಬ್ಯಾಡ. ತಿನ್ನು." ಎದುರಿಗೆ ಕೂತು ತಾವೂ ರೊಟ್ಟಿ ಮುರಿದರು. ನನಗೆ ಎಲ್ಲಿತ್ತೋ ಅಳು, ಕಟ್ಟೆ ಒಡೆದು ಬಂತು. ಅವರು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. "ಅಳಾಕೂ ಕಸುವು ಬೇಕವಾ. ಇನ್ನೊಂದು ತುತ್ತು ತಗೋ." ರವಿಗೆ ಪಕ್ಕದ ರೆಸ್ಟನ್‌ನಲ್ಲಿ ಕೆಲಸ ಸಿಗುವವರೆಗೂ ಆ ಡಬ್ಬಿ ತಪ್ಪಲಿಲ್ಲ.

ಹೋದ ವರ್ಷ ಪದ್ಧತಿ ಬದಲಾಯಿತು. ಡ್ರಮ್ಮುಗಳು ಹೋದವು. ಮನೆಗೊಂದು ಮುಚ್ಚಳದ ಬಿನ್ ಬಂತು. ರಸ್ತೆ ಪಕ್ಕ ಇಟ್ಟರೆ ಲಾರಿಯ ಕಬ್ಬಿಣದ ಕೈಯೇ ಎತ್ತಿ ಸುರಿದುಕೊಳ್ಳುತ್ತದೆ. ಯಾರೂ ಕಾವಲು ನಿಲ್ಲಬೇಕಾಗಿಲ್ಲ. ಎಲ್ಲರಿಗೂ ಖುಷಿ, ಸುಳ್ಳು ಯಾಕೆ, ನನಗೂ ಖುಷಿ. ನೀಲಕ್ಕ ಮಾತ್ರ ಇಕ್ಕಳ ಹಿಡಿದು ಮಂಕಾಗಿ ನಿಂತರು. "ಚಲೋನ ಆತು. ಆದ್ರ ಇನ್ನ ಯಾರು ಉಂಡ್ರು, ಯಾರು ಬಿಟ್ರು, ಹ್ಯಾಂಗ ತಿಳೀತದ?"

"ಫೋನ್ ಇದೆಯಲ್ಲ ನೀಲಕ್ಕ."

"ಫೋನಿನ್ಯಾಗ ಎಲ್ಲಾರೂ ಆರಾಮ ಇರತಾರವಾ."

ಚಳಿ ಶುರುವಾದ ಮೇಲೆ ಅವರು ಹೊರಗೆ ಕಾಣಿಸುವುದೇ ಅಪರೂಪವಾಯಿತು. ಫೋನ್ ಮಾಡಿದರೆ "ಆರಾಮ ಅದೀನಿ" ಅನ್ನೋರು. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಕಸಿವಿಸಿ. ಒಂದು ಬುಧವಾರ ಗಾಳಿಗೆ ಅವರ ಬಿನ್ ಉರುಳಿ ಬಿದ್ದಿತ್ತು. ಎತ್ತಿ ನಿಲ್ಲಿಸೋಣ ಅಂತ ಹೋದೆ. ನೆಲದ ಮೇಲೆ ರೊಟ್ಟಿಗಳು. ದುಂಡಗೆ, ಒಂದು ಅಂಚೂ ಮುರಿಯದ ರೊಟ್ಟಿಗಳು.

ಮನೆಗೆ ಓಡಿ, ಮೊಸರನ್ನ ಮೆತ್ತಗೆ ಕಿವುಚಿ ಡಬ್ಬಿಗೆ ಹಾಕಿಕೊಂಡು ಹೋಗಿ ಬಾಗಿಲು ತಟ್ಟಿದೆ. ಅಯ್ಯೋ ದೇವರೇ, ಬಾಗಿಲು ತೆಗೆದ ನೀಲಕ್ಕನ ಕೊರಳ ಮೂಳೆಯೆಲ್ಲ ಎದ್ದಿತ್ತು. "ನಾನೇನೂ ಕೇಳಲ್ಲ. ತಿನ್ನಿ" ಅಂದೆ. ನಕ್ಕರು. ಒಂದು ತುತ್ತು ಬಾಯಿಗಿಟ್ಟು ಅಗಿದರು, ಅಗಿದರು, ಕೊನೆಗೆ ಮುಖ ತಿರುಗಿಸಿ ಟಿಶ್ಯೂಗೆ ಉಗಿದರು. "ನುಂಗಾಕ ಆಗವಲ್ದವಾ. ಭಾಳ ದಿನಾ ಆತು. ಮಗಗ ಹೇಳಬ್ಯಾಡ, ಅಂಜತಾನ."

ನಾನು ಅವತ್ತೇ ಸಂಜೆ ಮಗನಿಗೆ ಹೇಳಿದೆ. "ಚಾಡಿ ಹೇಳಿದಿ" ಅಂತ ನೀಲಕ್ಕ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ. ಪರೀಕ್ಷೆಗಳಾದವು. ಅನ್ನನಾಳದಲ್ಲಿ ಗಡ್ಡೆ. ಮಗಳು ಸುಮಾ ಅಟ್ಲಾಂಟಾದಲ್ಲಿ ಡಾಕ್ಟರು. ಚಿಕಿತ್ಸೆಗೆ ಅಲ್ಲಿಗೇ ಹೊರಟರು. ಕಾರು ಹೊರಡುವಾಗ ಕಿಟಕಿ ಇಳಿಸಿ ನನ್ನನ್ನು ಕರೆದರು. ಸಿಟ್ಟು ಇಳಿದಿತ್ತು. "ಬುಧವಾರಕ್ಕೊಮ್ಮೆ ನನ್ನ ಬಕೀಟಿನ ಫೋಟೋ ಕಳಸತೀನಿ. ನೀನೂ ಕಳಸು. ಅನ್ನಾ ಕಂಡ್ರ ನೋಡು ಮತ್ತ!"

ಕಳಿಸಿದರು. ಬಾಳೆಹಣ್ಣಿನ ಸಿಪ್ಪೆ, ಪರಂಗಿ ಬೀಜ, ಚಹಾದ ಚರಟ. ನಾನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಮೂಲೆಮೂಲೆ ಹುಡುಕುತ್ತಿದ್ದೆ. ಒಂದು ಅಗುಳೂ ಇಲ್ಲ. ಸದ್ಯ, ತಿಂತಿದ್ದಾರೆ ಅಂತ ಉಸಿರು ಬಿಟ್ಟು ನನ್ನ ತಟ್ಟೆ ಹಾಕಿಕೊಳ್ಳುತ್ತಿದ್ದೆ. ಫೋಟೋ ಬರುವುದು ತಡವಾದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ಫೋನ್ ಕಡೆ ನೋಡುತ್ತಿದ್ದೆ.

ಒಂದು ಬುಧವಾರ ಬರಲೇ ಇಲ್ಲ. ಮರುದಿನ ಸುಮಾ ಫೋನ್ ಮಾಡಿದಳು. ನೀಲಕ್ಕ ಹೋದರು ಅಂತ ಅವಳು ಹೇಳುವ ಮೊದಲೇ ಗೊತ್ತಾಯಿತು. ಆದರೂ ದಡ್ಡಿಯ ಹಾಗೆ ಕೇಳಿದೆ: "ಹೋದ ವಾರ ತಾನೇ ಬಕೆಟ್ ನೋಡಿದೆನಲ್ಲ? ಎಲ್ಲಾ ತಿಂತಿದ್ರಲ್ಲ?"

ಸುಮಾ ಹೇಳಿದಳು: "ಅಕ್ಕಾ, ಅವು ನಮ್ಮ ಸಿಪ್ಪಿ. ಇಲ್ಲಿ ಬಂದಾಗಿಂದ ಅವ್ವ ಬಾಯಿಲೆ ಏನೂ ತಗೊಂಡಿಲ್ಲ. ಹೊಟ್ಟಿಗೆ ಟ್ಯೂಬ್ ಹಾಕಿದ್ವಿ. ಬುಧವಾರ ಆತಂದ್ರ ಫೋಟೋ ತಗಿ ಅಂತ ಒಂದ ಹಟ. 'ಖರೇ ತಿಳದ್ರ ಆಕಿ ಊಟಾ ಬಿಡತಾಳ' ಅಂತಿದ್ಲು."

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಅನ್ನ ಬಡಿಸಿಕೊಂಡು ಒಬ್ಬಳೇ ಕೂತೆ. ಬಕೆಟ್ ಸಿಂಕಿನ ಪಕ್ಕ, ಮುಚ್ಚಳ ತೆರೆದೇ ಇತ್ತು. ಒಂದು ತುತ್ತು ಇಳಿಯಲು ಎಷ್ಟು ಹೊತ್ತಾಯಿತೋ. ಅಳುತ್ತಾ ಅಳುತ್ತಾ ತಟ್ಟೆ ಖಾಲಿ ಮಾಡಿ ಎದ್ದೆ.