ತೊಟ್ಟಿಲಲ್ಲಿ ನಡೆದ ಅಕ್ಷತೆ

ಅಕ್ಷತೆಯ ಕಾಳೊಂದು ತೊಟ್ಟಿಲಿನ ಹಾಸಿಗೆಯ ಮೇಲೆ ಅರ್ಧ ಬೆರಳಿನಷ್ಟು ಸರಿಯಿತು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಕುಗ್ಗಿತು, ಹಿಗ್ಗಿತು, ಇನ್ನಷ್ಟು ಸರಿಯಿತು.

ಎಂಬತ್ತರ ದಶಕದ ಮಾತು. ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ಅಂದು ಅಕ್ಕನ ಮಗುವಿಗೆ ಹೆಸರಿಡುವ ಕಾರ್ಯ. ತೊಟ್ಟಿಲು ಕಲಘಟಗಿಯದು, ಬಣ್ಣದ್ದು. ಆದರೆ ಮೂರು ತಿಂಗಳಿಂದ ಅದರಲ್ಲಿ ಮಲಗುತ್ತಿದ್ದುದು ಕಾಕಾನ ನಾಯಿ. ಹಡಗಿನ ನೌಕರಿಯ ಕಾಕಾ ಅದನ್ನು ಇಂಗ್ಲೆಂಡಿನಿಂದ ತಂದಿದ್ದ. ನೆಲದ ಮೇಲೆ ಮಲಗಿದರೆ ಅದಕ್ಕೆ ನಮ್ಮ ರೋಗ ತಗಲೀತೆಂದು ಅವನ ಭಯ. ಅಂದು ಬೆಳಿಗ್ಗೆ ನಾಯಿಯನ್ನು ಎಬ್ಬಿಸಿ ತೊಟ್ಟಿಲಿಗೆ ಹೂಮಾಲೆ ಕಟ್ಟಿದ್ದರು. ಹಾಸಿಗೆ ಮಾತ್ರ ಅದೇ.

ನಾನು ಪ್ರಾಣಿಶಾಸ್ತ್ರ ಓದಿ ಧಾರವಾಡದಿಂದ ಬಂದವಳು. ಆ ಕಾಳು ಲಾಡಿಹುಳದ ತುಂಡು. ಅದರ ಮರಿ ಚಿಗಟದ ಹೊಟ್ಟೆಯಲ್ಲಿ ಬೆಳೆಯುತ್ತದೆ. ನಾಯಿಯ ಹಾಸಿಗೆಯಲ್ಲಿನ ಚಿಗಟ ಮಗುವಿನ ಬಾಯಿಗೆ ಹೋದರೆ ಹುಳವೂ ಹೋಗುತ್ತದೆ. ನಮ್ಮ ಮಗು ಬಾಯಿ ತೆರೆದೇ ಮಲಗುತ್ತಿತ್ತು.

ಅಜ್ಜಿ ಕಾಳುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನಾವು ಹಾಕೂ ಮೊದಲ ದೇವರ ಅಕ್ಷತಿ ಹಾಕ್ಯಾನ! ಯಾರೂ ಝಾಡಸಬ್ಯಾಡ್ರಿ."

"ಹಾಸಿಗಿ ಬದಲಿಸೂಣು, ಅಜ್ಜಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಪದ್ಧತಿಯಂತೆ ಮೊದಲು ಗುಂಡುಕಲ್ಲಿಗೆ ಮಗುವಿನ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದರು. ಕಲ್ಲಿಗೆ ಏನೂ ಆಗದು ಎಂದು ಸುಮ್ಮನಿದ್ದೆ. ಕಲ್ಲು ತೆಗೆದರು. ಅಕ್ಕ ಮಗುವನ್ನು ಎತ್ತಿಕೊಂಡು ಬಾಗಿದಳು.

"ಮಲಗಿಸಬ್ಯಾಡ! ಅವು ನಾಯಿ ಹೊಟ್ಟ್ಯಾಗಿನ ಹುಳ!"

ಜೋಗುಳ ನಿಂತಿತು. ಇಡೀ ಪಡಸಾಲೆ ನನ್ನತ್ತ ತಿರುಗಿತು. ನಾನು ಗೋಡೆಗೆ ಅಂಟಿದೆ.

"ಲೇ, ಅದು ವಿಲಾಯಿತಿ ನಾಯಿ," ಎಂದ ಕಾಕಾ. "ಬರೇ ಬಿಸ್ಕೀಟ ತಿಂತೈತಿ. ಹುಳ ಇಲ್ಲಂತ ಸರ್ಟಿಫಿಕೇಟ್ ಐತಿ!"

"ಹುಳ ಅದನ್ನ ಓದಿಲ್ಲರಿ, ಕಾಕಾ."

ಅಷ್ಟರಲ್ಲಿ ಬಾಜು ಮನೆಯಾಕೆ ಚೀರಿದಳು. "ಯವ್ವಾ ನನ್ನವ್ವಾ! ಸೊಸಿ ಬಸುರಾಗಲಿ ಅಂತ ಎರಡು ಕಾಳು ಸೆರಗಿಗೆ ಕಟಗೊಂಡೇನಿ!"

ಗಂಟು ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ನಾನೇ ಬಿಚ್ಚಿದೆ. ಒಂದಕ್ಕೆ ಇನ್ನೂ ಜೀವವಿತ್ತು.

ಅಜ್ಜಿ ಬೂದಿ ಹಚ್ಚಿ ಮೂರು ಸಲ ಕೈ ತೊಳೆದಳು, ಆಮೇಲೆ ಕಣ್ಣು. ಮಗುವನ್ನು ಮೊರದಲ್ಲಿ ಮಲಗಿಸಿ ಹೆಸರಿಟ್ಟರು. ಕಾಕಾ ಊಟಕ್ಕೆ ಬರಲಿಲ್ಲ, ನಾಯಿಗೆ ಅವಮಾನವಾಗಿದೆಯಂತೆ.

ಮರುದಿನ ಬೆಳಿಗ್ಗೆ ಹಾಸಿಗೆಯನ್ನು ಹಂಡೆಯಲ್ಲಿ ಕುದಿಸಿದೆ, ತೊಟ್ಟಿಲನ್ನು ಒರೆಸಿ ಬಿಸಿಲಿಗಿಟ್ಟೆ. ಆಮೇಲೆ ನಾಯಿಯನ್ನು ಬಗಲಲ್ಲಿ ಹಿಡಿದುಕೊಂಡು, ಕಲಘಟಗಿಯ ದನದ ದವಾಖಾನೆಗೆಂದು ಬಸ್ಸು ಹತ್ತಿದೆ.